ನೀರಿನ ಮೇಲೆ ‘ಎಡಕ್ಕೆ ಸರಿ’ ನಡೆಯದು

ಮಹದೇವಪುರದ ಹೊರವರ್ತುಲ ರಸ್ತೆಯಲ್ಲಿ ಸ್ಕೂಟರ್ ಕಲಿತ ಹುಡುಗನಿಗೆ ಎದುರಿನಿಂದ ವಾಹನ ಬಂದರೆ ಕೈ ತಾನಾಗಿ ಎಡಕ್ಕೆ ಹೊರಳುತ್ತದೆ. ಅದೇ ಹುಡುಗ ಓದಲೆಂದು ಪರದೇಶಕ್ಕೆ ಹೋಗಿ, ರಜೆಯಲ್ಲಿ ಗೆಳೆಯರೊಂದಿಗೆ ಬಾಡಿಗೆಯ ಮೋಟಾರು ದೋಣಿ ಹಿಡಿದನೆನ್ನಿ. ಅಲ್ಲಿ ಈ ಅಭ್ಯಾಸ ಪ್ರಾಣಕ್ಕೇ ಎರವಾದೀತು. ಎರಡು ಮೋಟಾರು ದೋಣಿಗಳು ಎದುರುಬದುರಾದಾಗ ಎರಡೂ ಬಲಕ್ಕೆ ತಿರುಗಬೇಕು. ಒಬ್ಬ ಎಡಕ್ಕೆ ತಿರುಗಿದರೆ ಇಬ್ಬರೂ ಒಂದೇ ಕಡೆ ನುಗ್ಗಿದಂತೆ. ದೋಣಿಗೆ ಬ್ರೇಕ್ ಬೇರೆ ಇಲ್ಲ!

1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿರುವ ಮಾತಿದು. 1977ರ ಜುಲೈನಿಂದ ಇವು ಜಾರಿಯಲ್ಲಿವೆ. ನಮ್ಮ ಬಲಗಡೆಯಿಂದ ಅಡ್ಡ ಬರುವ ಮೋಟಾರು ದೋಣಿಗೆ ನಾವು ದಾರಿ ಬಿಡಬೇಕು. ಹಿಂದಿನಿಂದ ದಾಟಿ ಹೋಗುವವನೇ ದೂರ ಸರಿಯಬೇಕು. ಹಾಯಿದೋಣಿಗೆ ಸಾಮಾನ್ಯವಾಗಿ ಮೋಟಾರು ದೋಣಿ ದಾರಿ ಬಿಡುತ್ತದೆ. ಹಾಗೆಂದು ಇಕ್ಕಟ್ಟಾದ ಕಾಲುವೆಯಲ್ಲಿ ದೊಡ್ಡ ಹಡಗಿಗೆ ಅಡ್ಡ ನಿಲ್ಲುವಂತಿಲ್ಲ. ಹಾಯಿ ಬಿಚ್ಚಿದ್ದರೂ ಎಂಜಿನ್ ಓಡುತ್ತಿದ್ದರೆ ಅದು ಮೋಟಾರು ದೋಣಿಯೆಂದೇ ಲೆಕ್ಕ.

ರಾತ್ರಿ ದೀಪಗಳೇ ಭಾಷೆ. ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು. ಇದು ಎಲ್ಲ ದೇಶಗಳಲ್ಲೂ ಒಂದೇ. ಆದರೆ ದಾರಿ ತೋರುವ ತೇಲುಗುರುತುಗಳು ಹಾಗಲ್ಲ. ಭಾರತ, ಬ್ರಿಟನ್‌ಗಳಲ್ಲಿ ಬಂದರು ಪ್ರವೇಶಿಸುವಾಗ ಕೆಂಪು ಗುರುತು ಎಡಕ್ಕಿರಬೇಕು. ಅಮೆರಿಕ, ಜಪಾನ್‌ಗಳಲ್ಲಿ ಬಲಕ್ಕೆ. ಇಲ್ಲಿ ಕಲಿತದ್ದನ್ನು ಅಲ್ಲಿ ಪಾಲಿಸಿದರೆ ಬಂಡೆಗೋ ಮರಳದಿಬ್ಬಕ್ಕೋ ಬಡಿಯುವುದೇ ಸರಿ.

ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಸೇರಿರುವ ಸೇನೆಯ ಎಂಜಿನಿಯರ್ ದಳ, ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ 1985ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು, ಭೂಮಿಯನ್ನು ಸುತ್ತಿ 1987ರ ಜನವರಿಯಲ್ಲಿ ಮರಳಿತು. ಇಂಥ ಯಾನದಲ್ಲಿ ಪ್ರತಿಯೊಂದು ದೇಶವೂ ಹೊಸ ಮನೆಯ ಹೊಸ್ತಿಲು. ಬಂದರು ಸಮೀಪಿಸಿದಾಗ ಹಳದಿ ಬಾವುಟ ಏರಿಸುತ್ತಾರೆ: ‘ನಮ್ಮಲ್ಲಿ ರೋಗವಿಲ್ಲ, ಪ್ರವೇಶ ಕೊಡಿ’ ಎಂದರ್ಥ. ತಪಾಸಣೆ ಮುಗಿಯುವವರೆಗೆ ದಡಕ್ಕೆ ಇಳಿಯುವಂತಿಲ್ಲ. ಆಮೇಲೆ ಹಳದಿ ಇಳಿಸಿ, ಪಟಸ್ತಂಭದ ಬಲಬದಿಗೆ ಆ ದೇಶದ ಪುಟ್ಟ ಧ್ವಜ ಹಾರಿಸುವುದು ಮರ್ಯಾದೆ. ಅದು ಹರಿದಿದ್ದರೆ, ತಲೆಕೆಳಗಾಗಿದ್ದರೆ ಆತಿಥೇಯರಿಗೆ ನೋವಾಗುತ್ತದೆ.

ಬಾಡಿಗೆ ದೋಣಿ ಹಿಡಿಯುವ ವಿದ್ಯಾರ್ಥಿಗೆ ಈ ಬಾವುಟಗಳ ಗೊಡವೆಯಿಲ್ಲ. ಪರವಾನಗಿಯ ಪ್ರಶ್ನೆ ಮಾತ್ರ ಇದೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಹಲವು ಕಡೆ ಸುರಕ್ಷತಾ ಪರೀಕ್ಷೆ ಪಾಸಾದ ಪ್ರಮಾಣಪತ್ರ ಬೇಕು. ದೋಣಿ ಕೊಡುವವನನ್ನು ಮೊದಲೇ ಕೇಳಿ, ಎಲ್ಲರಿಗೂ ಅಳತೆಗೆ ತಕ್ಕ ಜೀವರಕ್ಷಕ ಜಾಕೆಟ್ ಇದೆಯೇ ನೋಡಿ. ಲಂಗರು ಹಾಕಿದ ದೋಣಿಗಳ ಬಳಿ ವೇಗ ತಗ್ಗಿಸಿ: ನಿಮ್ಮ ದೋಣಿ ಎಬ್ಬಿಸಿದ ಅಲೆಗೆ ಪಕ್ಕದವರ ಒಲೆಯ ಮೇಲಿನ ಬಿಸಿನೀರು ಚೆಲ್ಲಿದರೆ ಹೊಣೆ ನಿಮ್ಮದೇ.