ಆಟದ ಕಂಪ್ಯೂಟರಿಗೆ ಮೇವೆಷ್ಟು?

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಅದರ ಹಲ್ಲನ್ನು ಎಣಿಸುತ್ತಾನೆ. ಕಾಲು ಗೊರಸುಗಳನ್ನು ಪರೀಕ್ಷಿಸುತ್ತಾನೆ. ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ಇಷ್ಟೆಲ್ಲ ಆಗುತ್ತಿರುವಾಗಲೇ ಅವನ ಮನಸ್ಸಿನಲ್ಲಿ ಮತ್ತೊಂದು ಲೆಕ್ಕವೂ ನಡೆದಿರುತ್ತದೆ. ಈ ಎತ್ತನ್ನು ವರ್ಷವಿಡೀ ಸಾಕಲು ಮನೆಯಲ್ಲಿ ಮೇವುಂಟೆ? ಎತ್ತಿಗೆ ಕೊಳ್ಳುವ ಬೆಲೆ ಒಂದು, ಸಾಕುವ ಬೆಲೆ ಇನ್ನೊಂದು. ಎರಡನೆಯದನ್ನು ಮರೆತವನು ಅಗ್ಗದಲ್ಲಿ ಕೊಂಡು ತುಟ್ಟಿಯಲ್ಲಿ ಸಾಕುತ್ತಾನೆ.

ಕಂಪ್ಯೂಟರಿನ ವಿಷಯದಲ್ಲಿಯೂ ಈ ಮಾತು ಎಷ್ಟು ಸತ್ಯವೆಂಬುದು ನಮಗೆ ಮನದಟ್ಟಾದುದು ಒಬ್ಬ ವಿದ್ಯಾರ್ಥಿಯಿಂದ. ಆತನು ಜಮಖಂಡಿ ತಾಲ್ಲೂಕಿನ ಹುನ್ನೂರಿನವನು. ಒಂದು ದಿನ ತರಗತಿ ಮುಗಿದ ಬಳಿಕ ಚೀಟಿಯೊಂದನ್ನು ಹಿಡಿದು ನಮ್ಮ ಬಳಿಗೆ ಬಂದನು. ಓದಿಗೂ ಆಟಕ್ಕೂ ಆಗುವಂತಹ ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂಬುದು ಆತನ ಹಂಬಲ. ಚೀಟಿಯಲ್ಲಿದ್ದ ಭಾಗಗಳೆಲ್ಲವೂ ಬಳಸಿ ಬಿಟ್ಟವುಗಳು.

“ಸರ, ಭಾಳ ಸೋವಿ ಅದಾವ್ರಿ. ಇಷ್ಟು ರೊಕ್ಕದಾಗ ಹೊಸಾವು ಬರೂದಿಲ್ರಿ” ಎಂದನು.

“ಅದೇನೋ ಖರೆ ತಮ್ಮಾ. ಮನೀ ಕರೆಂಟ್ ಬಿಲ್ ತಂದೀಯೇನು?” ಎಂದು ನಾವು ಕೇಳಿದೆವು.

ಆತನು ನಕ್ಕನು. ಆದರೆ ಮರುದಿನ ಬಿಲ್ಲನ್ನು ತಂದನು. ಅಂದು ಕರಿಹಲಗೆಯ ಮೇಲೆ ನಾವಿಬ್ಬರೂ ಮಾಡಿದ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ವ್ಯಾಟ್ ಮತ್ತು ಯೂನಿಟ್

ಒಂದು ಉಪಕರಣವು ಪ್ರತಿ ಸೆಕೆಂಡಿಗೆ ಎಷ್ಟು ಶಕ್ತಿಯನ್ನು ಸೆಳೆಯುತ್ತದೆಂಬುದನ್ನು ವ್ಯಾಟ್‌ಗಳಲ್ಲಿ ಹೇಳುವೆವು. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವ್ಯಾಟ್. ಸಾವಿರ ವ್ಯಾಟ್‌ಗಳ ಉಪಕರಣವು ಒಂದು ಗಂಟೆ ನಡೆದರೆ ಖರ್ಚಾಗುವ ಶಕ್ತಿಯೇ ನಮ್ಮ ಬಿಲ್ಲಿನ ಒಂದು ಯೂನಿಟ್. ಅದು 36 ಲಕ್ಷ ಜೂಲ್‌ಗಳಿಗೆ ಸಮ. ಒಂದು ಟನ್ ನೀರನ್ನು ಸುಮಾರು 367 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವುದು ಇಷ್ಟೇ ಶಕ್ತಿ. ಕೊಳವೆ ಬಾವಿಯ ಆಳವನ್ನು ಬಲ್ಲ ನಮ್ಮ ಕಡೆಯ ಜನರಿಗೆ ಯೂನಿಟ್ಟೆಂದರೆ ಅಲ್ಪ ವಸ್ತುವಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಈಗ ವಿದ್ಯಾರ್ಥಿಯ ಚೀಟಿಯನ್ನು ನೋಡೋಣ. ಪ್ರೊಸೆಸರ್ ಇಂಟೆಲ್ ಸಂಸ್ಥೆಯ ಕೋರ್ ಐ7-2600. 2011ರದು, 95 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಎಎಂಡಿ ಸಂಸ್ಥೆಯ ಆರ್‌ಎಕ್ಸ್ 580. 2017ರದು, 185 ವ್ಯಾಟ್. ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಫ್ಯಾನ್‌ಗಳಿಗೆಲ್ಲ 40 ವ್ಯಾಟ್ ಹಿಡಿದರೆ ಮೊತ್ತ 320. ಆದರೆ ಗೋಡೆಯ ಸಾಕೆಟ್ಟಿನಿಂದ ಬರುವ ಕರೆಂಟನ್ನು ಭಾಗಗಳಿಗೆ ತಕ್ಕಂತೆ ಮಾರ್ಪಡಿಸಿ ಕೊಡುವ ಎಸ್‌ಎಂಪಿಎಸ್ ತಾನೂ ಒಂದಿಷ್ಟನ್ನು ನುಂಗುತ್ತದೆ. ಅದರ ದಕ್ಷತೆ ನೂರಕ್ಕೆ 80 ಇದ್ದರೆ ಗೋಡೆಯಿಂದ ಸೆಳೆಯುವುದು 400 ವ್ಯಾಟ್. ಮಾನಿಟರಿನ 25 ವ್ಯಾಟ್ ಸೇರಿದರೆ 425. ಇದು ಅರ್ಧ ಅಶ್ವಶಕ್ತಿಗಿಂತಲೂ ಹೆಚ್ಚು! ರಬಕವಿ-ಬನಹಟ್ಟಿಯಲ್ಲಿ ಸೀರೆ ನೇಯುವ ವಿದ್ಯುತ್ ಮಗ್ಗದ ಸಣ್ಣ ಮೋಟಾರಿನೊಡನೆ ಹೋಲಿಸಬಹುದಾದ ಹೊರೆಯಿದು.

ಅದೇ ಕೆಲಸವನ್ನು ಮಾಡುವ ಮತ್ತೊಂದು ಜೋಡಿಯನ್ನು ಪಕ್ಕದಲ್ಲಿ ಬರೆದೆವು. ಪ್ರೊಸೆಸರ್ 2022ರ ಕೋರ್ ಐ3-12100ಎಫ್. ಇದರ ಮೂಲ ಅಂಕ 58 ವ್ಯಾಟ್. ಭಾರ ಹೆಚ್ಚಿದಾಗ ಇದು 89ರ ವರೆಗೆ ಏರಬಹುದಾದರೂ ಆಟದ ಹೊತ್ತಿನಲ್ಲಿ ಸಾಮಾನ್ಯವಾಗಿ ಅಷ್ಟಕ್ಕೆ ಹೋಗದು. ಕಾರ್ಡ್ 2021ರ ಆರ್‌ಎಕ್ಸ್ 6600, 132 ವ್ಯಾಟ್. ಉಳಿದವುಗಳಿಗೆ 30 ವ್ಯಾಟ್. ಏಕೆಂದರೆ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ. ಮೊತ್ತ 220. ಎಸ್‌ಎಂಪಿಎಸ್ ನೂರಕ್ಕೆ 88ರಷ್ಟು ದಕ್ಷವಾಗಿದ್ದರೆ ಗೋಡೆಯಿಂದ 250. ಮಾನಿಟರ್ ಸೇರಿ 275 ವ್ಯಾಟ್.

ಎರಡರಲ್ಲಿ ಯಾವುದು ವೇಗವುಳ್ಳದ್ದು? ಎರಡೂ ಪ್ರೊಸೆಸರುಗಳಿಗೆ ನಾಲ್ಕೇ ಕೋರ್‌ಗಳಿದ್ದರೂ ಹೊಸದೇ ಹೆಚ್ಚು ವೇಗವುಳ್ಳದ್ದು. ಕಾರ್ಡಿನ ಮಾತೂ ಹಾಗೆಯೇ. ಕಡಿಮೆ ಮೇವು ತಿನ್ನುವ ಎತ್ತೇ ಹೆಚ್ಚು ಉಳುತ್ತದೆ!

ಒಂದು ಮನೆಯ ಲೆಕ್ಕ

ದಿನಕ್ಕೆ 4 ಗಂಟೆಯಂತೆ 30 ದಿನ ನಡೆಸಿದರೆ ಮೊದಲನೆಯ ಯಂತ್ರವು 51 ಯೂನಿಟ್ ಬಳಸುವುದು; ಎರಡನೆಯದು 33. ಅಂತರ 18 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯೆಂದು ಲೆಕ್ಕಕ್ಕೆ ಹಿಡಿದರೆ ತಿಂಗಳಿಗೆ 108 ರೂಪಾಯಿ. “ಇಷ್ಟೇನಾ?” ಎಂದು ವಾಚಕರು ಕೇಳಬಹುದು. ವಿದ್ಯಾರ್ಥಿಯೂ ಹಾಗೆಯೇ ಕೇಳಿದನು.

ಆದರೆ ಬಿಲ್ಲಿನಲ್ಲಿ ಒಂದು ಮೆಟ್ಟಿಲುಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಆರಂಭದ ನಿಯಮದಂತೆ, ಮನೆಯೊಂದು 2022-23ರಲ್ಲಿ ಬಳಸಿದ ಮಾಸಿಕ ಸರಾಸರಿಗೆ ನೂರಕ್ಕೆ 10ರಷ್ಟು ಸೇರಿಸಿದರೆ ಬರುವುದೇ ಅದರ ಉಚಿತ ಪಾಲು. ಅದು 200 ಯೂನಿಟ್ ಮೀರುವಂತಿಲ್ಲ. ಪಾಲನ್ನು ದಾಟಿದರೂ 200ರ ಒಳಗಿದ್ದರೆ ಹೆಚ್ಚಿಗೆ ಬಳಸಿದಷ್ಟಕ್ಕೆ ಮಾತ್ರ ಹಣ ತೆರಬೇಕು. 200ನ್ನು ದಾಟಿದರೆ ಇಡೀ ಬಿಲ್ಲನ್ನು ತೆರಬೇಕು.

ತಿಂಗಳಿಗೆ ಸರಾಸರಿ 155 ಯೂನಿಟ್ ಬಳಸುತ್ತಿದ್ದ ಮನೆಯನ್ನು ಊಹಿಸಿಕೊಳ್ಳೋಣ. ಅದರ ಉಚಿತ ಪಾಲು 170.5. ಈ ಮನೆಗೆ ಮೊದಲನೆಯ ಯಂತ್ರ ಬಂದರೆ ಬಳಕೆ 206 ಯೂನಿಟ್, ಮೆಟ್ಟಿಲು ದಾಟಿತು. ತೆರಬೇಕಾದುದು 1236 ರೂಪಾಯಿ. ಎರಡನೆಯದು ಬಂದರೆ ಬಳಕೆ 188, ಹೆಚ್ಚಾದ 17.5 ಯೂನಿಟ್ಟಿಗೆ 105 ರೂಪಾಯಿ. ತೆರಿಗೆ ಮುಂತಾದವುಗಳನ್ನು ಇಲ್ಲಿ ಹಿಡಿದಿಲ್ಲ. ಮಗನ ಆಟಕ್ಕಾಗಿ ಮನೆಯವರು ಪ್ರತಿ ತಿಂಗಳೂ ಸಾವಿರಕ್ಕೂ ಮಿಕ್ಕಿ ತೆರುವುದು, ಅದೂ ನಿಧಾನವಾದ ಯಂತ್ರಕ್ಕಾಗಿ ತೆರುವುದು, ನ್ಯಾಯವೆ? ಇಲ್ಲಿಗೆ ನಮ್ಮ ವಿದ್ಯಾರ್ಥಿಯ ನಗು ನಿಂತಿತು.

ಎಲ್ಲ ಮನೆಗಳೂ ಈ ಮೆಟ್ಟಿಲಿನ ಅಂಚಿನಲ್ಲಿ ಇರುವುದಿಲ್ಲ. ಆದುದರಿಂದ ಎಲ್ಲರಿಗೂ ಅನ್ವಯಿಸುವ ಸುಲಭ ಸೂತ್ರವೊಂದನ್ನು ಹೇಳುವೆವು. ದಿನಕ್ಕೆ 4 ಗಂಟೆ ನಡೆಯುವ ಯಂತ್ರದಲ್ಲಿ ಒಂದು ವ್ಯಾಟ್ ಎಂದರೆ ವರ್ಷಕ್ಕೆ 1.46 ಯೂನಿಟ್, ಎಂದರೆ ಸುಮಾರು 9 ರೂಪಾಯಿ. ಅಂಗಡಿಯಲ್ಲಿ ನಿಂತು ಎರಡು ಕಾರ್ಡುಗಳ ಬೆಲೆಯನ್ನು ಹೋಲಿಸುವಾಗ ಈ ಅಂಕ ನೆನಪಿರಲಿ. ಮೇಲಿನ ಎರಡು ಕಾರ್ಡುಗಳ ಅಂತರ 53 ವ್ಯಾಟ್. ವರ್ಷಕ್ಕೆ 477 ರೂಪಾಯಿ. ನಾಲ್ಕು ವರ್ಷ ಬಳಸುವುದಾದರೆ ಹೆಚ್ಚುಕಡಮೆ 1900 ರೂಪಾಯಿಗಳನ್ನು ದಕ್ಷವಾದ ಕಾರ್ಡಿಗೆ ಹೆಚ್ಚಾಗಿ ಕೊಟ್ಟರೂ ನಷ್ಟವಿಲ್ಲ. ಭಾಗಗಳ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅವನ್ನು ಇಲ್ಲಿ ಅಚ್ಚು ಹಾಕಿಸುವುದು ವ್ಯರ್ಥ; ಸೂತ್ರವಾದರೋ ಹಳತಾಗುವುದಿಲ್ಲ.

ಹೊಸ ಚಿಪ್ಪು ಮಿತಾಹಾರಿಯೇಕೆ?

1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅದು ಸುಮಾರು ಒಂದೂವರೆ ಲಕ್ಷ ವ್ಯಾಟ್ ಸೆಳೆದು ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡುತ್ತಿದ್ದಿತು. ಇಂದಿನ ಮೊಬೈಲ್ ಫೋನಿನ ಚಿಪ್ಪು ಕೆಲವೇ ವ್ಯಾಟ್‌ಗಳಲ್ಲಿ ಕೋಟ್ಯಂತರ ಸಂಕಲನಗಳನ್ನು ಮಾಡುವುದು. ಈ ಅದ್ಭುತದ ಗುಟ್ಟೇನು?

ಚಿಪ್ಪಿನೊಳಗಿನ ಪ್ರತಿಯೊಂದು ಟ್ರಾನ್ಸಿಸ್ಟರೂ ಒಂದು ಪುಟ್ಟ ಸ್ವಿಚ್ಚು. ಅದನ್ನು ತೆರೆದು ಮುಚ್ಚುವಾಗಲೆಲ್ಲ ಅತಿ ಸೂಕ್ಷ್ಮವಾದ ಧಾರಕವೊಂದನ್ನು ತುಂಬಿ ಬರಿದು ಮಾಡಬೇಕಾಗುವುದು. ಆದುದರಿಂದ ಚಿಪ್ಪು ಹೀರುವ ಸಾಮರ್ಥ್ಯವು ಮೂರನ್ನು ಅವಲಂಬಿಸಿದೆ: ಧಾರಕತೆ, ವೋಲ್ಟೇಜಿನ ವರ್ಗ ಮತ್ತು ಆವೃತ್ತಿ. ಟ್ರಾನ್ಸಿಸ್ಟರು ಕಿರಿದಾದಂತೆ ಧಾರಕತೆ ಇಳಿಯುವುದು. ಕಡಿಮೆ ವೋಲ್ಟೇಜೂ ಸಾಕಾಗುವುದು. ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಈ ನಿಯಮವನ್ನು ವಿವರಿಸಿದರು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ವೋಲ್ಟೇಜಿನ ಇಳಿತ ನಿಧಾನವಾಯಿತಾದರೂ, ತಲೆಮಾರಿನಿಂದ ತಲೆಮಾರಿಗೆ ದಕ್ಷತೆ ಹೆಚ್ಚುತ್ತಲೇ ಬಂದಿದೆ. ಆರ್‌ಎಕ್ಸ್ 580ನ್ನು 14 ನ್ಯಾನೋಮೀಟರ್ ಎಂಬ ವಿಧಾನದಲ್ಲಿಯೂ, ಆರ್‌ಎಕ್ಸ್ 6600ನ್ನು 7 ನ್ಯಾನೋಮೀಟರ್ ಎಂಬ ವಿಧಾನದಲ್ಲಿಯೂ ತಯಾರಿಸಲಾಗಿದೆ. ಚಿಪ್ಪುಗಳ ವಿನ್ಯಾಸ ನಮ್ಮ ನಾಡಿಗೆ ದೂರದ ವಿದ್ಯೆಯೇನೂ ಅಲ್ಲ. ಎಎಂಡಿ ಸಂಸ್ಥೆಯು ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದುದು ಬೆಂಗಳೂರಿನಲ್ಲಿ.

ವೋಲ್ಟೇಜಿನ ವರ್ಗವೆಂಬ ಮಾತನ್ನು ಗಮನಿಸಿರಿ. ಆವೃತ್ತಿಯನ್ನೂ ವೋಲ್ಟೇಜನ್ನೂ ನೂರಕ್ಕೆ 10ರಷ್ಟು ಇಳಿಸಿದರೆ, 0.9ನ್ನು ಮೂರು ಸಲ ಗುಣಿಸಿದಂತಾಗಿ ಸಾಮರ್ಥ್ಯವು 0.73ಕ್ಕೆ ಇಳಿಯುವುದು. ವೇಗದಲ್ಲಿ ಕಳೆದುಕೊಂಡದ್ದು ಹತ್ತು, ವ್ಯಾಟ್‌ನಲ್ಲಿ ಉಳಿಸಿದ್ದು ಇಪ್ಪತ್ತೇಳು! ಕಾರ್ಡಿನೊಡನೆ ಬರುವ ತಂತ್ರಾಂಶದಲ್ಲಿಯೇ ವ್ಯಾಟ್ ಮಿತಿಯನ್ನು ತಗ್ಗಿಸುವ ಅನುಕೂಲವಿರುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಆಯ್ಕೆಯ ಕ್ರಮ

ಮೊದಲು ಆರಿಸಬೇಕಾದುದು ಮಾನಿಟರನ್ನು. ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ತೋರಬಲ್ಲ ಪರದೆಗೆ ಕಾರ್ಡು 140 ಚಿತ್ರಗಳನ್ನು ರಚಿಸಿ ಕೊಟ್ಟರೆ ಉಳಿದ ದುಡಿಮೆಯೆಲ್ಲ ಬರಿಯ ಶಾಖ. ಆಟದ ಸೆಟ್ಟಿಂಗಿನಲ್ಲಿ ಫ್ರೇಮುಗಳ ಮಿತಿಯನ್ನು 60ಕ್ಕೆ ಕಟ್ಟಿರಿ. ಕಾರ್ಡು ಆಗ ಬಿಡುವು ಪಡೆದು ಕಡಿಮೆ ಸೆಳೆಯುವುದು.

ಎರಡನೆಯದು, ಕಾರ್ಡು ಬೇಕೇ ಬೇಕೆ ಎಂಬ ಪ್ರಶ್ನೆ. ಕೆಲವು ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಭಾಗವೂ ಕೂಡಿಯೇ ಇರುವುದು. 2021ರ ರೈಜನ್ 5 5600ಜಿ ಅಂತಹುದು. ಎರಡೂ ಕೆಲಸಕ್ಕೆ ಸೇರಿ ಅದರ ಅಂಕ 65 ವ್ಯಾಟ್. ಭಾರಿ ಆಟಗಳಿಗೆ ಅದು ಸಾಲದು. ಹಗುರವಾದ ಆಟಗಳಿಗೂ ಓದಿಗೂ ಧಾರಾಳವಾಗಿ ಸಾಕು. ಇಲ್ಲೊಂದು ಎಚ್ಚರಿಕೆ: ಇಂತಹ ಪ್ರೊಸೆಸರಿಗೆ 16 ಜಿಬಿಯ ಒಂದೇ ರ‍್ಯಾಮಿಗಿಂತ 8 ಜಿಬಿಯ ಎರಡು ರ‍್ಯಾಮುಗಳು ಮೇಲು. ಗ್ರಾಫಿಕ್ಸ್ ಭಾಗವು ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ, ಎರಡು ಹಾದಿಗಳಲ್ಲಿ ಮಾಹಿತಿ ಹರಿದರೆ ಆಟದ ವೇಗ ಸ್ಪಷ್ಟವಾಗಿ ಹೆಚ್ಚುವುದು. ಇದಕ್ಕೆ ವಿರುದ್ಧವಾಗಿ, ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಿಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡಿಲ್ಲದೆ ಪರದೆಯೇ ಬೆಳಗದು.

ಮೂರನೆಯದು ಎಸ್‌ಎಂಪಿಎಸ್. 220 ವ್ಯಾಟ್ ಬೇಡುವ ಯಂತ್ರಕ್ಕೆ ನೂರಕ್ಕೆ 80 ದಕ್ಷತೆಯದು ಗೋಡೆಯಿಂದ 275 ಸೆಳೆದರೆ, 88ರದು 250 ಸೆಳೆಯುವುದು. ಉಳಿತಾಯ 25 ವ್ಯಾಟ್. ನಮ್ಮ ಸೂತ್ರದಂತೆ ವರ್ಷಕ್ಕೆ 225 ರೂಪಾಯಿ. ಇದು ಕಾರ್ಡಿನ ಆಯ್ಕೆಯಿಂದಾಗುವ ಉಳಿತಾಯಕ್ಕಿಂತ ಕಡಿಮೆ. ಆದುದರಿಂದ ಹೆಚ್ಚಿನ ದಕ್ಷತೆಯ ಪದಕವೊಂದನ್ನೇ ನೋಡಿ ಕೈಬಿಚ್ಚಿ ಖರ್ಚು ಮಾಡಬೇಕಾಗಿಲ್ಲ. ಆದರೆ ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಬೇಡ. ವೋಲ್ಟೇಜು ಏರಿಳಿಯುವ ಊರುಗಳಲ್ಲಿ ಉಳಿದ ಭಾಗಗಳನ್ನೆಲ್ಲ ಕಾಯುವುದು ಅದೇ.

ಬಿಸಿಲು ಮತ್ತು ಬ್ಯಾಟರಿ

ಕಂಪ್ಯೂಟರ್ ಸೆಳೆದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಕೋಣೆಯನ್ನು ಸೇರುವುದು. ನಮ್ಮ ಬಾಗಲಕೋಟೆ ಜಿಲ್ಲೆಯ ಬೇಸಿಗೆಯನ್ನು ಕಂಡವರಿಗೆ ಇದರ ಅರ್ಥ ತಿಳಿದೀತು. ಪ್ರೊಸೆಸರಿನ ಮೇಲಿನ ಕೂಲರು ಪ್ರತಿ ವ್ಯಾಟ್‌ಗೆ ಅರ್ಧ ಡಿಗ್ರಿ ಬಿಸಿಯೇರಲು ಬಿಡುತ್ತದೆಂದು ಊಹಿಸೋಣ. ಕೋಣೆಯ ಉಷ್ಣತೆ 40 ಡಿಗ್ರಿ ಇರುವಾಗ 95 ವ್ಯಾಟ್‌ನ ಪ್ರೊಸೆಸರು 87.5 ಡಿಗ್ರಿಗೆ ಏರಿದರೆ, 58 ವ್ಯಾಟ್‌ನದು 69ಕ್ಕೇ ನಿಲ್ಲುವುದು. ಅತಿಯಾಗಿ ಕಾದ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮಿತಾಹಾರಿಯಾದ ಯಂತ್ರಕ್ಕೆ ಬೇಸಿಗೆಯಲ್ಲಿಯೂ ವೇಗ ಉಳಿಯುವುದು.

ಕರೆಂಟು ಹೋದಾಗಲೂ ಇದೇ ಮಾತು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿಯಲ್ಲಿರುವುದು ಲೆಕ್ಕಕ್ಕೆ 1.8 ಯೂನಿಟ್. ಹೆಚ್ಚು ಪ್ರವಾಹವನ್ನು ಸೆಳೆದಷ್ಟೂ ಸೀಸ-ಆಮ್ಲ ಬ್ಯಾಟರಿ ಕೊಡುವ ಒಟ್ಟು ಶಕ್ತಿಯೇ ಕಡಿಮೆಯಾಗುವುದು. ಹೀಗಾಗಿ ಹೊಟ್ಟೆಬಾಕ ಯಂತ್ರವು ಮನೆಯ ಫ್ಯಾನು ದೀಪಗಳ ಪಾಲನ್ನೂ ಕಸಿದುಕೊಳ್ಳುತ್ತದೆ.

ನೀವೇ ಅಳೆದು ನೋಡಿರಿ

ಪೆಟ್ಟಿಗೆಯ ಮೇಲಿನ ಅಂಕಗಳು ಪೂರ್ಣ ದುಡಿಮೆಯ ಅಂದಾಜುಗಳು. ನಿಜವನ್ನು ಹೇಳುವುದು ಮನೆಯ ಮೀಟರು. ಇಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪವೊಂದಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿಣುಕೆಂಬುದು ಮೀಟರಿನ ಮುಖದ ಮೇಲೆಯೇ ಬರೆದಿರುತ್ತದೆ. ಅದು 3200 ಎಂದಿರಲಿ. ಉಳಿದ ಉಪಕರಣಗಳನ್ನೆಲ್ಲ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಆಟವನ್ನು ನಡೆಸಿ, ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿಣುಕಿತೆಂದು ಎಣಿಸಿರಿ. 16 ಆದರೆ ಗಂಟೆಗೆ 960. ಅದನ್ನು 3200ರಿಂದ ಭಾಗಿಸಿದರೆ 0.3, ಎಂದರೆ 300 ವ್ಯಾಟ್. ಬಳಿಕ ಫ್ರೇಮಿನ ಮಿತಿಯನ್ನು ಕಟ್ಟಿ ಮತ್ತೊಮ್ಮೆ ಎಣಿಸಿರಿ. ಇನ್ನೊಮ್ಮೆ ಆಟವನ್ನು ಮುಚ್ಚಿ, ಯಂತ್ರವನ್ನು ಸುಮ್ಮನೆ ಬಿಟ್ಟು ಎಣಿಸಿರಿ. ಸುಮ್ಮನಿರುವಾಗ ಅದು 60 ವ್ಯಾಟ್ ಸೆಳೆಯುವುದೆಂದು ಕಂಡರೆ, ರಾತ್ರಿ 8 ಗಂಟೆ ಆರಿಸದೆ ಮಲಗುವ ಅಭ್ಯಾಸಕ್ಕೆ ತಿಂಗಳಿಗೆ 14.4 ಯೂನಿಟ್ ತೆರುತ್ತಿದ್ದೀರೆಂದು ತಿಳಿಯಿರಿ. ದಕ್ಷವಾದ ಭಾಗಗಳಿಂದ ಗಳಿಸಿದ 18 ಯೂನಿಟ್‌ಗಳಲ್ಲಿ ಬಹುಪಾಲು ನಿದ್ರೆಯಲ್ಲಿಯೇ ಕಳೆದಂತಾಯಿತು.

ನಮ್ಮ ವಿದ್ಯಾರ್ಥಿಯ ಕೈಯಲ್ಲಿದ್ದ ಹಣಕ್ಕೆ ಎರಡನೆಯ ಯಂತ್ರ ಎಟುಕಲಿಲ್ಲ. ಆತನು ಕಾರ್ಡನ್ನು ಬಿಟ್ಟು, ಗ್ರಾಫಿಕ್ಸ್ ಕೂಡಿದ ಪ್ರೊಸೆಸರನ್ನೂ ಎರಡು ರ‍್ಯಾಮುಗಳನ್ನೂ ಒಳ್ಳೆಯ ಎಸ್‌ಎಂಪಿಎಸ್ಸನ್ನೂ ಕೊಂಡನು. ಮುಂದೆ ಹಣ ಕೂಡಿದಾಗ ಕಾರ್ಡು ಸೇರಿಸಲು ಮದರ್‌ಬೋರ್ಡಿನಲ್ಲಿ ಸ್ಥಳವುಂಟು. ಕೆಲವು ತಿಂಗಳ ಬಳಿಕ ಸಿಕ್ಕಾಗ, ಭಾರಿ ಆಟಗಳು ನಡೆಯುತ್ತಿಲ್ಲವೆಂದು ಸ್ವಲ್ಪ ಕೊರಗಿದನು. ಆಮೇಲೆ ತಾನಾಗಿಯೇ ಹೇಳಿದನು: “ಬಿಲ್ ಇನ್ನೂರು ದಾಟಿಲ್ರಿ ಸರ. ಈಗ ನಮ್ಮವ್ವನ ಮೀಟರ್ ಎಣಸ್ತಾಳ್ರಿ.”