ಗ್ರಂಥಾಲಯದಲ್ಲಿ ನೋಡುವ, ಕೇಳುವ ಸ್ವಾತಂತ್ರ್ಯ

ಗೊರವನಹಳ್ಳಿಯ ಕಡೆಯಿಂದ ಬಂದಿದ್ದ ತಂದೆಯೊಬ್ಬರು, “ಅಮ್ಮನವರೇ, ಗ್ರಂಥಾಲಯವೆಂದರೆ ಪುಸ್ತಕವಲ್ಲವೇ? ಹುಡುಗಿಯರಿಗೆ ಅಲ್ಲಿ ಚಲನಚಿತ್ರವೇತಕ್ಕೆ?” ಎಂದು ನನ್ನನ್ನು ಕೇಳಿದರು. ಪ್ರಶ್ನೆಯು ವಿಚಾರಾರ್ಹವಾದುದು.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳಲ್ಲಿ ಎರಡನೆಯದು, ಪ್ರತಿಯೊಬ್ಬ ಓದುಗರಿಗೂ ತಕ್ಕ ಗ್ರಂಥವು ದೊರೆಯಬೇಕೆಂಬುದು. ಕಣ್ಣು ಕಾಣದವರಿಗೆ ಧ್ವನಿಮುದ್ರಣವೇ ಗ್ರಂಥ; ಅಕ್ಷರವರಿಯದ ತಾಯಿಗೆ ಚಿತ್ರವೇ ಪಾಠ. ಆದುದರಿಂದಲೇ ಯುನೆಸ್ಕೋ ಸಂಸ್ಥೆಯ 1994ರ ಗ್ರಂಥಾಲಯ ಪ್ರಣಾಳಿಕೆಯು, ಸಂಗ್ರಹದಲ್ಲಿ ಎಲ್ಲ ವಿಧದ ಮಾಧ್ಯಮಗಳೂ ಇರತಕ್ಕದ್ದೆಂದೂ, ಅವು ಮತ, ರಾಜಕೀಯ, ಸಿದ್ಧಾಂತಗಳ ನಿರ್ಬಂಧಕ್ಕೆ ಒಳಗಾಗಕೂಡದೆಂದೂ ಸಾರಿತು.

ನಮ್ಮ ನಾಡಿನಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಗ್ರಂಥಾಲಯ ಕರಕ್ಕೆ ಅವಕಾಶವಿತ್ತಿತು. ಎಲ್ಲರ ಹಣದಿಂದ ನಡೆಯುವ ಸಂಸ್ಥೆಯು ಎಲ್ಲರದೂ ಆಗಬೇಕಷ್ಟೆ. ಚಲನಚಿತ್ರಗಳನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸುವ ವ್ಯವಸ್ಥೆಯು 1952ರ ಕಾಯಿದೆಯಲ್ಲಿಯೇ ಉಂಟು. ಅದರ ಮೇಲೆ, ತಮ್ಮ ಮಗಳಿಗೆ ಯಾವುದು ಹಿತವೆಂದು ತಿಳಿಹೇಳುವ ಅಧಿಕಾರವು ತಂದೆತಾಯಿಗಳಿಗಿದೆ. ನೆರೆಮನೆಯ ಮಗಳಿಗೆ ಬಾಗಿಲು ಮುಚ್ಚಿಸುವ ಅಧಿಕಾರವು ಯಾರಿಗೂ ಇಲ್ಲ.

ಮನೆಗಿರುವ ಒಂದೇ ಮೊಬೈಲು ಅಣ್ಣನ ಕೈಯಲ್ಲಿದ್ದರೆ ತಂಗಿಯ ಗತಿಯೇನು? ಗ್ರಾಮ ಪಂಚಾಯಿತಿಯ ಗ್ರಂಥಾಲಯವು ಈಗ ‘ಅರಿವು ಕೇಂದ್ರ’ವೆನಿಸಿದೆ. ಅಲ್ಲಿ ಗಣಕಯಂತ್ರವಿದ್ದರೆ, ಅವಳು ಲೋಕವನ್ನು ಕಾಣುವ ಕಿಟಕಿ ಅದೊಂದೇ ಆಗಬಹುದು.

ಪ್ರಿಯ ಪೋಷಕರೇ, ಪೂರ್ವ ವಿದ್ಯಾರ್ಥಿನಿಯರೇ, ಮಗಳನ್ನು ತಡೆಯಬೇಡಿರಿ. ಜೊತೆಗೆ ಹೋಗಿ ಪಕ್ಕದಲ್ಲಿ ಕುಳಿತು ನೋಡಿರಿ, ಕೇಳಿರಿ. ಬಳಿಕ ಅವಳ ಅಭಿಪ್ರಾಯವನ್ನೂ ಕೇಳಿರಿ. ವಿವೇಕವು ಬೆಳೆಯುವುದು ಆ ಮಾತುಕತೆಯಲ್ಲಿಯೇ.