ದಿಂಬಂ ಬೆಟ್ಟದಲ್ಲಿ ‘ನೋ ಡಿಸ್‌ಪ್ಲೇ’

ಫ್ಯಾನ್ ತಿರುಗುತ್ತದೆ, ಕ್ಯಾಬಿನೆಟ್ಟಿನ ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಈ ಕಾಯಿಲೆಗೆ ‘ನೋ ಡಿಸ್‌ಪ್ಲೇ’ ಎನ್ನುತ್ತಾರೆ. ನಿನ್ನೆಯವರೆಗೆ ಸರಿಯಿದ್ದ ಯಂತ್ರ ಹೊಸ ಪ್ರೊಸೆಸರೋ ರ‍್ಯಾಮೋ ಹಾಕಿದ ಕೂಡಲೇ ಹೀಗಾದರೆ, ತಂದ ಮಾಲೇ ಸತ್ತಿದೆ ಎಂಬ ತೀರ್ಮಾನಕ್ಕೆ ಯಾರಾದರೂ ಬಂದುಬಿಡುತ್ತಾರೆ. ಹಾಗಾಗಿರುವುದು ಕಡಿಮೆ. ಹೊಸದನ್ನು ಕೂರಿಸುವಾಗ ಕೈ ತಾಗಿ ಇನ್ನಾವುದೋ ಸಡಿಲವಾಗಿರುವುದು, ಇಲ್ಲವೇ ಬಿಚ್ಚಿದ ವೈರನ್ನು ಮತ್ತೆ ಹಾಕಲು ಮರೆತಿರುವುದೇ ಹೆಚ್ಚು.

ಅಂಗಡಿಯವರಿಗೆ ಒಂದು ಸುಖವಿದೆ. ಪಕ್ಕದಲ್ಲೇ ಭಾಗಗಳಿಗೆ ಕರೆಂಟು ಹಂಚುವ ಇನ್ನೊಂದು ಎಸ್‌ಎಂಪಿಎಸ್, ಇನ್ನೊಂದು ರ‍್ಯಾಮ್ ಬಿದ್ದಿರುತ್ತದೆ. ಒಂದೊಂದಾಗಿ ಬದಲಿಸಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ದಿಂಬಂನಂಥ ಊರಲ್ಲಿ ಆ ಅನುಕೂಲವೆಲ್ಲಿ? ಕನ್ನಡ ಮಾತಾಡುವ ತಾಳವಾಡಿ ಬೆಟ್ಟಸೀಮೆಗೆ ತಮಿಳುನಾಡಿನ ಬಯಲಿನಿಂದ ಹತ್ತಿ ಬರುವ ಘಾಟಿಯ ನೆತ್ತಿಯಲ್ಲಿದೆ ಆ ಊರು, ಸುತ್ತಲೂ ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶ. ಕೆಳಗೆ ಬಣ್ಣಾರಿಗೆ ಇಳಿಯಲು 27 ಹೇರ್‌ಪಿನ್ ತಿರುವು. ಇತ್ತ ಚಾಮರಾಜನಗರಕ್ಕೆ ಹೊರಟರೆ ಹಾಸನೂರು ದಾಟುವ ಕಾಡುದಾರಿ. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವೂ ಬಂತು. ಸಂಜೆ ಯಂತ್ರ ಕೈಕೊಟ್ಟರೆ ಬಿಡಿಭಾಗ ತರಲು ಓಡುವುದು ಸುಲಭವಲ್ಲ. ಇರುವ ಯಂತ್ರವನ್ನೇ ವಿಚಾರಿಸಬೇಕು.

ವಿಚಾರಿಸಲು ಅದು ಏಳುವ ಕ್ರಮ ಗೊತ್ತಿರಬೇಕು. ಪ್ಲಗ್ ಹಾಕಿ ಸ್ವಿಚ್ ಒತ್ತಿದ ಕ್ಷಣದಿಂದಲೇ ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಮದರ್‌ಬೋರ್ಡಿಗೆ ಕೊಡುತ್ತಿರುತ್ತದೆ. ಪವರ್ ಗುಂಡಿ ಒತ್ತಿದಾಗ ಬೋರ್ಡು ಎಸ್‌ಎಂಪಿಎಸ್ಸಿಗೆ ಸಂಜ್ಞೆ ಕಳಿಸುತ್ತದೆ. 12, 5 ಮತ್ತು 3.3 ವೋಲ್ಟಿನ ಸಾಲುಗಳು ಜೀವ ತಾಳುತ್ತವೆ. ಅವು ಸ್ಥಿರವಾದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ‘ಕರೆಂಟು ಸರಿಯಿದೆ’ ಎಂಬ ಮರುಸಂಜ್ಞೆ ಬರುತ್ತದೆ. ಅಲ್ಲಿಯವರೆಗೆ ಬೋರ್ಡು ಪ್ರೊಸೆಸರನ್ನು ತಡೆದು ನಿಲ್ಲಿಸಿರುತ್ತದೆ. ಆಮೇಲೆ ಅದು ಬಯಾಸ್ ಎಂಬ ಮೂಲ ತಂತ್ರಾಂಶವಿರುವ ಚಿಪ್ಪಿನಿಂದ ಮೊದಲ ಆದೇಶ ಓದಿ, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕುಗಳನ್ನು ಮುಟ್ಟಿ ನೋಡುತ್ತಾ ಹೋಗುತ್ತದೆ. 1981ರ ಐಬಿಎಂ ಪಿಸಿಯಲ್ಲೂ ಇದ್ದ ಈ ಸ್ವಯಂಪರೀಕ್ಷೆಯೇ ‘ಪೋಸ್ಟ್’. ಎಲ್ಲಿ ನಿಂತಿತು ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಈಚಿನ ಹಲವು ಬೋರ್ಡುಗಳ ಅಂಚಿನಲ್ಲಿ ಸಾಸಿವೆ ಗಾತ್ರದ ನಾಲ್ಕು ದೀಪಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಒಂದೊಂದೇ ಹತ್ತಿ ಆರುತ್ತವೆ. ಆರದೆ ಉಳಿದದ್ದರ ಬಳಿ ತೊಡಕು. ದೀಪವಿಲ್ಲದ ಹಳೆಯ ಬೋರ್ಡಾದರೆ ಹೆಬ್ಬೆರಳಿನ ಗಾತ್ರದ ಸ್ಪೀಕರೊಂದನ್ನು ಅದರ ಪಿನ್ನುಗಳಿಗೆ ಸಿಕ್ಕಿಸಿ, ರ‍್ಯಾಮ್ ಪಟ್ಟಿಗಳನ್ನೆಲ್ಲ ಕಿತ್ತು, ಆನ್ ಮಾಡಬೇಕು. ಬೀಪ್ ಎಂದು ಗೋಳಾಡಿದರೆ ಖುಷಿಪಡಬಹುದು. ಬೋರ್ಡೂ ಪ್ರೊಸೆಸರೂ ಬದುಕಿವೆ, ರ‍್ಯಾಮ್ ಇಲ್ಲವೆಂದು ದೂರುತ್ತಿವೆ. ಸದ್ದೇ ಇಲ್ಲದಿದ್ದರೆ ಪ್ರೊಸೆಸರ್, ಬೋರ್ಡು, ಎಸ್‌ಎಂಪಿಎಸ್ ಈ ಮೂರರ ಕಡೆ ನೋಡಬೇಕು. ಕಾಸು ಖರ್ಚಿಲ್ಲದ ಇಷ್ಟು ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ.

ಮರೆವಿನ ಪಟ್ಟಿಯಲ್ಲಿ ಮೊದಲ ಸ್ಥಾನ ಬೋರ್ಡಿನ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ ನಾಲ್ಕು ಅಥವಾ ಎಂಟು ಪಿನ್ನಿನ 12 ವೋಲ್ಟ್ ವೈರಿಗೆ. ಅದಿಲ್ಲದಿದ್ದರೂ ಫ್ಯಾನ್ ತಿರುಗುವುದರಿಂದ ಅನುಮಾನವೇ ಬರುವುದಿಲ್ಲ. ಇನ್ನೊಂದು, ಮಾನಿಟರ್ ಕೇಬಲ್. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಹಳೆಯದನ್ನು ತೆಗೆದು ಇದನ್ನು ಹಾಕಿ, ಕೇಬಲ್ಲನ್ನು ಬೋರ್ಡಿನ ಕಿಂಡಿಯಲ್ಲೇ ಬಿಟ್ಟರೆ ಪರದೆ ಎಂದೂ ಬೆಳಗದು.

ಎಲ್ಲ ಸರಿಯಿದ್ದೂ ಯಂತ್ರ ಏಳದಿದ್ದರೆ ಬಯಾಸ್ ಹಳೆಯದಿರಬಹುದು. ಸಾಕೆಟ್ಟಿಗೆ ಪ್ರೊಸೆಸರ್ ಸರಿಯಾಗಿ ಕೂತ ಮಾತ್ರಕ್ಕೆ ಬೋರ್ಡಿಗೆ ಅದರ ಪರಿಚಯವಿರಬೇಕೆಂದಿಲ್ಲ. 2018ರಲ್ಲಿ ಎಎಂಡಿಯ ಹೊಸ ರೈಜನ್ ಪ್ರೊಸೆಸರುಗಳನ್ನು ಹಿಂದಿನ ವರ್ಷದ ಬೋರ್ಡುಗಳಿಗೆ ಹಾಕಿದವರಿಗೆ ಇದೇ ಪಾಡಾಯಿತು. ಹೊಸ ಪ್ರೊಸೆಸರ್ ಓಡಲು ಹೊಸ ಬಯಾಸ್ ಬೇಕು, ಹೊಸ ಬಯಾಸ್ ತುಂಬಲು ಓಡುವ ಪ್ರೊಸೆಸರ್ ಬೇಕು! ಕೊನೆಗೆ ಕಂಪನಿಯೇ ಅರ್ಹ ಗ್ರಾಹಕರಿಗೆ ಬೋರ್ಡಿಗೆ ಗೊತ್ತಿರುವ ಪ್ರೊಸೆಸರೊಂದನ್ನು ಎರವಲು ಕಳಿಸಿ, ಕೆಲಸವಾದ ಮೇಲೆ ವಾಪಸು ಪಡೆಯಿತು. ಈಗ ಕೆಲವು ಬೋರ್ಡುಗಳಿಗೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ತುಂಬಬಹುದು. ಎಲ್ಲ ಬೋರ್ಡಿಗೂ ಆ ಸೌಲಭ್ಯವಿಲ್ಲ. ಹಳೆಯ ಪ್ರೊಸೆಸರ್ ಬಿಚ್ಚುವ ಮುನ್ನವೇ ಬಯಾಸ್ ಬದಲಿಸಿಕೊಳ್ಳುವುದು ಬೆಟ್ಟದ ಮೇಲಿರುವವರಿಗೆ ಎಲ್ಲಕ್ಕಿಂತ ಲೇಸು.

ಅವಸರವೂ ಕೆಡಿಸುತ್ತದೆ. ಡಿಡಿಆರ್5 ರ‍್ಯಾಮ್ ಹಾಕಿದ ಯಂತ್ರ ಮೊದಲ ಸಲ ಏಳುವಾಗ ಪ್ರೊಸೆಸರ್ ಮತ್ತು ರ‍್ಯಾಮ್ ನಡುವಿನ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಕಪ್ಪು ಪರದೆ ಕಂಡು ಗಾಬರಿಯಿಂದ ಆಫ್ ಮಾಡಿದರೆ ಮತ್ತೆ ಮೊದಲಿನಿಂದ.

ಇಲ್ಲಿಯವರೆಗಿನ ತಪ್ಪುಗಳೆಲ್ಲ ತಿದ್ದಿಕೊಳ್ಳಬಹುದಾದವು. ಎಸ್‌ಎಂಪಿಎಸ್ ಬದಲಿಸುವಾಗ ಆಗುವುದು ಹಾಗಲ್ಲ. ಕೇಬಲ್ ಬಿಚ್ಚಬಹುದಾದ ಮಾದರಿಗಳಲ್ಲಿ ಬೋರ್ಡಿಗೂ ಡಿಸ್ಕಿಗೂ ಸೇರುವ ತುದಿ ಎಲ್ಲ ಕಂಪನಿಯದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಂದು ಕಂಪನಿ 5 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಂದು 12 ವೋಲ್ಟ್ ಇಟ್ಟಿರಬಹುದು, ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ವ್ಯತ್ಯಾಸವಿರಬಹುದು. ಹಳೆಯ ಕೇಬಲ್ ಹೇಗೂ ಕ್ಯಾಬಿನೆಟ್ಟಿನೊಳಗೆ ಹಾಯಿಸಿದೆಯಲ್ಲ ಎಂದು ಹೊಸ ಎಸ್‌ಎಂಪಿಎಸ್ಸಿಗೆ ಅದನ್ನೇ ಚುಚ್ಚಿದರೆ ಸಲೀಸಾಗಿ ಕೂತುಬಿಡುತ್ತದೆ. ಸ್ವಿಚ್ ಒತ್ತಿದ ಕ್ಷಣಕ್ಕೆ ಹಾರ್ಡ್‌ಡಿಸ್ಕು, ಅದರಲ್ಲಿದ್ದ ಫೋಟೋಗಳೊಂದಿಗೆ, ಸುಟ್ಟುಹೋಗಬಹುದು.

ರ‍್ಯಾಮಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುವುದು ನಮ್ಮ ಕಡೆಯ ಹಳೆಯ ಮದ್ದು. ವಾಸಿಯಾಗುವುದೂ ನಿಜ. ಆದರೆ ಆ ಹಲ್ಲುಗಳಿಗೆ ಚಿನ್ನದ ತೆಳು ಲೇಪವಿರುತ್ತದೆ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಬಹಳ ಸಲ ಗುಣ ಕಾಣಿಸುವುದು ಪಟ್ಟಿಯನ್ನು ಕಿತ್ತು ಮತ್ತೆ ಬಿಗಿಯಾಗಿ ಕೂರಿಸಿದ್ದರಿಂದ. ಅತಿಯಾಗಿ ಉಜ್ಜಿದರೆ ಲೇಪವೇ ಸವೆಯುತ್ತದೆ.

ಬೆಟ್ಟಕ್ಕೆ ತನ್ನದೇ ತಕರಾರುಗಳೂ ಇವೆ. ದೊಡ್ಡ ಹೀಟ್‌ಸಿಂಕ್ ಒಂದು ಕಿಲೋವರೆಗೂ ತೂಗುತ್ತದೆ, ಗ್ರಾಫಿಕ್ಸ್ ಕಾರ್ಡ್ ಒಂದೇ ಕಿಂಡಿಯಲ್ಲಿ ಜೋತುಬಿದ್ದಿರುತ್ತದೆ; ಜೋಡಿಸಿದ ಯಂತ್ರವನ್ನು ನಿಲ್ಲಿಸಿಕೊಂಡು ಘಾಟಿ ಹತ್ತಿಸಿದರೆ ಕೆಳಗೆ ಓಡಿದ್ದು ಮೇಲೆ ಓಡದಿರಲು ಅದೇ ಸಾಕು. ಕಾರ್ಡನ್ನು ಬಿಚ್ಚಿ ಬೇರೆ ತರಬೇಕು, ಬೋರ್ಡು ಕೆಳಗೆ ಬರುವಂತೆ ಕ್ಯಾಬಿನೆಟ್ಟನ್ನು ಮಲಗಿಸಬೇಕು. ಇಳಿಸುವಾಗಿನ ಕಾಟ ನೀರಿನದು. ಬೆಳಗಿನ ಚಳಿಯಲ್ಲಿ ತಣ್ಣಗಾದ ಲೋಹಕ್ಕೆ ಬಯಲಿನ ಬೆಚ್ಚನೆಯ ತೇವದ ಗಾಳಿ ತಾಗಿದರೆ ಹನಿ ಕಟ್ಟುತ್ತದೆ. ಯಂತ್ರ ಸುತ್ತಲಿನ ಬಿಸಿಗೆ ಹೊಂದಿಕೊಂಡು ಒಣಗುವವರೆಗೆ ಪ್ಲಗ್ ಹಾಕಬಾರದು.

ಇಷ್ಟಾದರೂ ಭಾಗ ಸತ್ತಿದೆಯೆಂದೇ ಖಚಿತವಾದರೆ ಉಳಿಯುವುದು ವಾರಂಟಿ. ಬೋರ್ಡ್ ಹಿಂತಿರುಗಿಸುವಾಗ ಪ್ರೊಸೆಸರ್ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಕೇಳುತ್ತಾರೆ. ಅದಿಲ್ಲದೆ ಕಳಿಸಿ, ದಾರಿಯಲ್ಲಿ ಒಂದು ಪಿನ್ ಬಾಗಿದರೂ ತಪ್ಪು ಗ್ರಾಹಕರದೇ ಆಗುತ್ತದೆ. ಬೋರ್ಡ್ ಜೋಡಿಸಿದ ದಿನ ಕಸದ ಬುಟ್ಟಿಗೆ ಹೋಗುವ ಮೊದಲ ವಸ್ತು ಸಾಮಾನ್ಯವಾಗಿ ಆ ಮುಚ್ಚಳವೇ.